ಪ್ರಯಾಣಿಕರ ಗಮನಕ್ಕೆ

ಫೆಬ್ರವರಿ 3, ಸೋಮವಾರ

ಇವತ್ತಿನಿಂದ ನನ್ನ ಬಾಯಿಗೆ ಬೀಗ. ಮಾತಾಡಕೂಡದು, ಹಾಡಕೂಡದು, ಪಿಸುಗುಟ್ಟುವುದಂತೂ ಕೂಡದೇ ಕೂಡದು ಎಂದು ಗಂಟಲಿನ ಡಾಕ್ಟರು ಹೇಳಿಬಿಟ್ಟರು. ಧ್ವನಿಪೆಟ್ಟಿಗೆಯಲ್ಲಿ ಗಂಟು ಎದ್ದಿದೆಯಂತೆ, ಸಾಸಿವೆ ಕಾಳಿನಷ್ಟು. ಅಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಕೇಳಿದೆ. "ಇದೇ ನಿಮ್ಮ ಕೊನೇ ಪ್ರಶ್ನೆ ಆಗ್ಲಿ" ಎಂದರು. ತಿಂಗಳ ಕೊನೆಯವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಗಂಟು ತಾನಾಗಿ ಕರಗಬಹುದು, ಇಲ್ಲದಿದ್ದರೆ ಕತ್ತರಿಸಬೇಕು. ಕತ್ತರಿಸಿದ ಮೇಲೆ ಹಳೆಯ ಧ್ವನಿಯೇ ಬರುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ.

ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸು ಕೂಗುವುದು ನನ್ನ ಕೆಲಸ. ಸಂಜೆಯಾದರೆ ಇದೇ ಗಂಟಲಿನಿಂದ ಬ್ಯಾಂಡಿನಲ್ಲಿ ಹಾಡುತ್ತೇನೆ. ಎರಡೂ ಒಂದೇ ದಿನ ಹೋದವು. ಮನೆಯಲ್ಲಿ ಇವರು, ನನ್ನ ಗಂಡ, ಈ ಡೈರಿ ತಂದುಕೊಟ್ಟು, "ಒಳಗೇ ಇಟ್ಕೊಂಡ್ರೆ ಒಡೆದು ಹೋಗ್ತೀಯ, ಇದ್ರಲ್ಲಿ ಬೈದ್ಕೋ" ಎಂದರು. ಜೊತೆಗೊಂದು ಸ್ಲೇಟು, ಬಳಪ. ಅತ್ತೆಗೆ ಕಿವಿ ಕೇಳಿಸುವುದಿಲ್ಲ, ಕಣ್ಣೂ ಅಷ್ಟಕ್ಕಷ್ಟೆ. ಒಲೆ ಆರಿಸಿ ಎಂದು ನಾನು ಸ್ಲೇಟಿನಲ್ಲಿ ಬರೆದು, ಅವರು ಕನ್ನಡಕ ಹುಡುಕಿ ಓದುವಷ್ಟರಲ್ಲಿ ಹಾಲು ಉಕ್ಕಿಹೋಗಿತ್ತು.

ಫೆಬ್ರವರಿ 6, ಗುರುವಾರ

ಸಂಜೆ ಬ್ಯಾಂಡಿನವರು ಬಂದು ಸಾಲಾಗಿ ಕೂತರು. ಮುಖಗಳನ್ನು ನೋಡಿದರೆ ಸಾವಿನ ಮನೆಗೆ ಬಂದವರಂತಿದ್ದರು. ನಾವು ಇರುವುದೇ ನಾಲ್ವರು. ಡ್ರಮ್ಮು ಇವರದು; ಹಗಲು ಡಿಪೋದಲ್ಲಿ ಬಸ್ಸಿನ ಟೈರಿಗೆ ಬಡಿಯುತ್ತಾರೆ, ಸಂಜೆ ಡ್ರಮ್ಮಿಗೆ, ಎರಡಕ್ಕೂ ಒಂದೇ ಕೈ. ಕೀಬೋರ್ಡು ನುಡಿಸುವುದು, ಹಾಡು ಬರೆಯುವುದು ಮೇಷ್ಟ್ರು, ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವರು. ಗಿಟಾರು ಕಾಂಪೌಂಡರದು. ಹಾಡುವವಳು ನಾನು.

ಮೊದಮೊದಲು ಅಭ್ಯಾಸಕ್ಕೆ ಜಾಗವಿರಲಿಲ್ಲ. ಕೊನೆಯ ಬಸ್ಸು ಹೊರಟ ಮೇಲೆ ಡಿಪೋದ ಶೆಡ್ಡಿನಲ್ಲಿ ಬಾರಿಸುತ್ತಿದ್ದೆವು. ಊರಿನವರು ನಮ್ಮನ್ನು 'ಕೊನೆ ಬಸ್ಸಿನವರು' ಎಂದು ಕರೆಯತೊಡಗಿದರು, ಬ್ಯಾಂಡಿಗೆ ಅದೇ ಹೆಸರು ನಿಂತಿತು. ಈಗ ಬೇರೆ ಊರುಗಳಿಂದಲೂ ಕರೆ ಬರುತ್ತದೆ. ಆದರೂ ವರ್ಷಕ್ಕೊಮ್ಮೆ ಅದೇ ಶೆಡ್ಡಿನಲ್ಲಿ ಊರಿನವರಿಗಾಗಿ ಒಂದು ಕಾರ್ಯಕ್ರಮ, ಟಿಕೆಟ್ಟಿಲ್ಲದೆ. ಅವತ್ತು ಡಿಪೋದವರು ಎರಡು ಬದಿಗೂ ಬಸ್ಸು ನಿಲ್ಲಿಸಿ ಗೋಡೆ ಕಟ್ಟಿಕೊಡುತ್ತಾರೆ. ಕ್ಷೌರದಂಗಡಿಯವನು ಕುರ್ಚಿ ಹೊತ್ತು ತರುತ್ತಾನೆ. ಎಲೆಕ್ಟ್ರಿಷಿಯನ್ ತನ್ನ ಮನೆಯ ದೀಪವನ್ನೂ ಕಿತ್ತುಕೊಂಡು ಬರುತ್ತಾನೆ, ಅವನ ಹೆಂಡತಿ ಬೈಯುತ್ತಲೇ ಹಿಂದೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ಈ ವರ್ಷ ಅದು ಮಾರ್ಚ್ ಒಂದಕ್ಕೆ.

"ಡಿಪೋದವ್ರು ಬಸ್ಸಿನ ಟೈಮೆಲ್ಲ ಹೊಂದಿಸಿಬಿಟ್ಟಿದಾರಮ್ಮ, ಮುಂದಕ್ಕೆ ಹಾಕೋಕಾಗಲ್ಲ" ಎಂದರು ಮೇಷ್ಟ್ರು ನೆಲ ನೋಡುತ್ತ. "ಒಬ್ಳು ಹುಡುಗಿ ಸಿಕ್ಕಿದಾಳೆ. ಇದೊಂದ್ಸಲಕ್ಕೆ ಅಷ್ಟೆ."

ನಾನು ಸ್ಲೇಟಿನಲ್ಲಿ 'ತುಂಬಾ ಸಂತೋಷ' ಎಂದು ಬರೆದೆ. ಸಂತೋಷದ 'ಷ' ಬರೆಯುವಾಗ ಬಳಪ ಮುರಿಯಿತು.

ಫೆಬ್ರವರಿ 9, ಭಾನುವಾರ

ಅವಳನ್ನು ನೋಡಿದೆ. ನೋಡಲು ಹೋಗಬಾರದಿತ್ತು.

ಬೇಕರಿಯಲ್ಲಿ ಬ್ರೆಡ್ಡು ಕಟ್ಟಿಕೊಡುವವಳಂತೆ. ಊರಿಗೆ ಬಂದು ವರ್ಷ ತುಂಬಿಲ್ಲ. ಶೆಡ್ಡಿನಲ್ಲಿ ನಾನು ನಿಲ್ಲುವ ಜಾಗದಲ್ಲಿ ಹಳೆಯ ಎಣ್ಣೆಯ ಕಲೆ ಇದೆ, ಅದರ ಮೇಲೆ ಸರಿಯಾಗಿ ನಿಂತಿದ್ದಳು. ನನ್ನ ಮೈಕಿನ ಸ್ಟ್ಯಾಂಡನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡಿದ್ದಳು. ಇಷ್ಟು ವರ್ಷ ಆ ಸ್ಟ್ಯಾಂಡಿನ ತಿರುಪು ಸಡಿಲಿಸಿದವರಿಲ್ಲ, ತುಕ್ಕು ಹಿಡಿದಿತ್ತು. ಇವರೇ ಸ್ಪ್ಯಾನರ್ ತಂದು ಸಡಿಲಿಸಿಕೊಟ್ಟರಂತೆ! ನನ್ನ ಗಂಡ, ನನ್ನ ಸ್ಟ್ಯಾಂಡು, ಸ್ಪ್ಯಾನರ್ ಬೇರೆ.

ಹಾಡುತ್ತಾಳೆ, ಇಲ್ಲ ಎನ್ನಲಾರೆ. ಸಾಲಿನ ಕೊನೆಯನ್ನು ನುಂಗುತ್ತಾಳೆ. ಉಸಿರು ಎಲ್ಲೆಂದರಲ್ಲಿ ತೆಗೆದುಕೊಳ್ಳುತ್ತಾಳೆ. ಆದರೆ ಮೇಲಿನ ಸ್ವರಕ್ಕೆ ಏಣಿಯಿಲ್ಲದೆ ಹತ್ತುತ್ತಾಳೆ. ಆ ಸ್ವರಕ್ಕಾಗಿ ನಾನು ಎಷ್ಟು ಬೆಳಗಿನ ಜಾವ ಎದ್ದು ತಣ್ಣೀರು ಕುಡಿಯದೆ, ಹುಳಿ ಮುಟ್ಟದೆ ಸಾಧಿಸಿದ್ದೇನೆ! ಇವಳಿಗೆ ಬ್ರೆಡ್ಡು ಕಟ್ಟುತ್ತ ಕಟ್ಟುತ್ತ ಬಂದಿದೆ.

ಮನೆಗೆ ಬರುವಾಗ ಇವರು, "ಪರ್ವಾಗಿಲ್ಲ ಅಲ್ವಾ?" ಎಂದರು. ನಾನು ಸ್ಲೇಟು ತೆಗೆಯಲೇ ಇಲ್ಲ. ಮಾತು ಬಂದ್ ಆಗಿರುವುದರ ಒಂದು ಲಾಭ ಇದು, ಮುನಿಸಿಕೊಂಡಿದ್ದೇನೋ ಇಲ್ಲವೋ ಎಂದು ಅವರಿಗೆ ತಿಳಿಯುವುದಿಲ್ಲ. ಬಾಗಿಲು ಹಾಕಿದ ರಭಸದಿಂದ ತಿಳಿದಿರಬೇಕು.

ಇದೊಂದು ಸಲಕ್ಕಂತೆ. ಇದೊಂದು ಸಲಕ್ಕೆ ಎಂದು ಬಸ್ಸಿನ ಸೀಟಿಗೆ ಕರ್ಚೀಫು ಹಾಕಿದವರು ಕೊನೆಯ ನಿಲ್ದಾಣದವರೆಗೂ ಏಳುವುದಿಲ್ಲ. ದಿನವೂ ನೋಡುತ್ತೇನೆ.

ಫೆಬ್ರವರಿ 13, ಗುರುವಾರ

ಡಿಪೋದ ಗೋಡೆಯ ಮೇಲೆ ನಮ್ಮ ಬ್ಯಾಂಡಿನ ದೊಡ್ಡ ಚಿತ್ರವಿದೆ. ಬೋರ್ಡು ಬರೆಯುವ ಪೇಂಟರು ವರ್ಷ ವರ್ಷ ಅದಕ್ಕೆ ಹೊಸ ಬಣ್ಣ ಕೊಡುತ್ತಾನೆ. ಇವತ್ತು ಆ ಕಡೆ ಹೋದರೆ ಏಣಿ ಹತ್ತಿದ್ದಾನೆ. ನನ್ನನ್ನು ಪೂರ್ತಿ ಅಳಿಸಿ ಮತ್ತೆ ಬರೆಯುವಷ್ಟು ಬಣ್ಣ ಎಲ್ಲಿದೆ ಎಂದು, ನನ್ನ ಕನ್ನಡಕ ತೆಗೆದು, ತುರುಬು ಬಿಚ್ಚಿ ಜಡೆ ಹಾಕಿ, ಅವಳನ್ನಾಗಿ ಮಾಡಿದ್ದಾನೆ. ಮೂಗು ನನ್ನದೇ. ಸೀರೆಯೂ ನನ್ನದೇ.

"ಅಕ್ಕ, ಮೂಗು ಹಾಗೇ ಬಿಟ್ಟಿದೀನಿ" ಎಂದ ಮೇಲಿನಿಂದ, ಉಪಕಾರ ಮಾಡಿದವನಂತೆ. "ಮುಂದಿನ ವರ್ಷ ಕನ್ನಡಕ ಹಾಕಿಬಿಟ್ರೆ ಮತ್ತೆ ನೀವೇ."

ಮೊದಲ ವಾರ ಮನೆಯ ಮೇಜಿನ ಮೇಲೆ ಜೇನಿನ ಬಾಟಲಿಗಳಿಗೆ ಜಾಗ ಸಾಲುತ್ತಿರಲಿಲ್ಲ. ಮೆಡಿಕಲ್ ಶಾಪಿನವರು, ಹಾಲಿನವಳು, ಹೆಸರೂ ಗೊತ್ತಿಲ್ಲದ ಪ್ರಯಾಣಿಕರು ಬಂದು ಗಂಟಲಿಗೆ ಏನೇನೋ ಹೇಳಿಹೋದರು. ಬಿಸಿನೀರು, ಉಪ್ಪುನೀರು, ಶುಂಠಿ, ತಲೆಗೆ ಬಟ್ಟೆ. ಸಾಕಪ್ಪಾ ಎನ್ನಿಸಿತ್ತು. ಈ ವಾರ ಒಬ್ಬರೂ ಬಂದಿಲ್ಲ. ಟೈಲರಮ್ಮ ಅವಳಿಗೆ ಹೊಸ ಬಟ್ಟೆ ಹೊಲಿಯುತ್ತಿದ್ದಾಳಂತೆ. ನನಗೆ ಯಾವತ್ತಾದರೂ ಹೊಲಿದಳೇ? ಹೊಲಿದಳು, ನಿಜ, ಎರಡು ಸಲ. ಆದರೆ ಕೈ ಬಿಗಿಯಾಗಿತ್ತು.

ಫೆಬ್ರವರಿ 16, ಭಾನುವಾರ

ಒಂದು ಯೋಚನೆ ಬಂದಿದೆ. ಒಳ್ಳೆಯದಲ್ಲ. ಡೈರಿಯಲ್ಲದೆ ಇನ್ನೆಲ್ಲಿ ಬರೆಯಲಿ?

ನಮ್ಮ ಬ್ಯಾಂಡಿಗೆ ಹೆಸರು ತಂದ ಹಾಡು 'ಕಿಟಕಿ ಸೀಟು'. ಮೇಷ್ಟ್ರು ಬರೆದದ್ದು. ಬಸ್ಸು ಹೊರಡುವ ಹೊತ್ತು, ಒಬ್ಬರು ಇನ್ನೊಬ್ಬರಿಗಾಗಿ ಸೀಟು ಹಿಡಿದು ಕೂತಿರುತ್ತಾರೆ. ಎರಡನೆಯ ಚರಣ ಹೀಗೆ:

ಕಿಟಕಿ ಪಕ್ಕದ ಸೀಟಿಗೆ ನನ್ನ ಕರ್ಚೀಫು ಹಾಕಿರುವೆ
ಯಾರು ಬಂದು ಕೇಳಿದರೂ ಆಳು ಇದೆ ಎಂದಿರುವೆ
ಕಂಡಕ್ಟರಣ್ಣ, ಸೀಟಿ ಊದದಿರಿ

ಇದರ ಮುಂದಿನ ಸಾಲನ್ನು ಊರಿನವರು ಯಾರೂ ಕೇಳಿಲ್ಲ. ಮೊದಲ ವರ್ಷದ ಕಾರ್ಯಕ್ರಮದಲ್ಲಿ ಅದು ನನಗೆ ಮರೆತುಹೋಯಿತು. ಬೆಳಗಿನಿಂದ ಸಂಜೆಯವರೆಗೆ ಮೈಕಿನಲ್ಲಿ ಒಂದೇ ಮಾತು ಹೇಳುವ ಬಾಯಿ, ಸಾಲು ಸಿಗದೆ ಅದನ್ನೇ ಹೇಳಿಬಿಟ್ಟಿತು: "ಪ್ರಯಾಣಿಕರ ಗಮನಕ್ಕೆ!" ಅದೂ ಬಸ್ ನಿಲ್ದಾಣದ ರಾಗದಲ್ಲಿ. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಶೆಡ್ಡು ಮಾತ್ರ ಬಿದ್ದು ಬಿದ್ದು ನಕ್ಕಿತು, ಶಿಳ್ಳೆ ಹೊಡೆಯಿತು, ಮತ್ತೊಮ್ಮೆ ಹಾಡಿಸಿತು. ಮುಂದಿನ ವರ್ಷದಿಂದ ಆ ಜಾಗ ಬಂದರೆ ಇವರು ಡ್ರಮ್ಮು ನಿಲ್ಲಿಸುತ್ತಾರೆ, ನಾನು ಕೈ ಎತ್ತುತ್ತೇನೆ, ಇಡೀ ಊರು ಒಂದೇ ಗಂಟಲಿನಲ್ಲಿ "ಪ್ರಯಾಣಿಕರ ಗಮನಕ್ಕೆ" ಎಂದು ಕೂಗುತ್ತದೆ. ಆಮೇಲೆ ಹಾಡು ಮುಂದುವರಿಯುತ್ತದೆ. ಮೇಷ್ಟ್ರ ಸಾಲು ಎಲ್ಲಿ ಹೋಯಿತೆಂದು ಕೇಳಿದವರಿಲ್ಲ.

ಬೇಕರಿಯವಳು ನಮ್ಮ ಊರಿನ ಕಾರ್ಯಕ್ರಮ ಒಂದನ್ನೂ ನೋಡಿಲ್ಲ. ಅಭ್ಯಾಸದಲ್ಲಿ ಆ ಜಾಗವನ್ನು ಖಾಲಿ ಬಿಡುತ್ತಾರೆ, ಅದು ಊರಿನವರ ಪಾಲು ಎಂದು. ನಾನು ಅವಳಿಗೆ ಮೇಷ್ಟ್ರ ಹಳೆಯ ಸಾಲನ್ನು ಕಲಿಸಿಬಿಟ್ಟರೆ? ಅಲ್ಲಿ ಸದ್ದು ನಿಂತಾಗ ಅವಳು ಗಂಭೀರವಾಗಿ ಹಾಡಲು ಬಾಯಿ ತೆಗೆಯುತ್ತಾಳೆ, ಮೇಲಿನಿಂದ ಊರಿನ ಕೂಗು ಬೀಳುತ್ತದೆ. ನಡುವೆ ನಿಂತು ಕಣ್ಣು ಕಣ್ಣು ಬಿಡಲಿ. ಊರಿನ ಬ್ಯಾಂಡಿನಲ್ಲಿ ಹಾಡಬೇಕಾದರೆ ಊರಿನವಳಾಗಿರಬೇಕು ಎಂದು ಎಲ್ಲರಿಗೂ ತಿಳಿಯಲಿ.

ನಾನೇನು ಸುಳ್ಳು ಕಲಿಸುತ್ತಿಲ್ಲವಲ್ಲ. ಸಾಹಿತ್ಯದಲ್ಲಿ ಇರುವುದೇ ಅದು.

ಫೆಬ್ರವರಿ 18, ಮಂಗಳವಾರ

ಇವರ ಕೈಯಲ್ಲಿ ಹೇಳಿಕಳಿಸಿದೆ, 'ಕಿಟಕಿ ಸೀಟು' ನಾನೇ ಹೇಳಿಕೊಡುತ್ತೇನೆ ಎಂದು. ಇವರಿಗೆ ಎಷ್ಟು ಖುಷಿಯಾಯಿತೆಂದರೆ ಸಂಜೆ ತಾವೇ ಪಾತ್ರೆ ತೊಳೆದರು.

ಮಧ್ಯಾಹ್ನ ಬೇಕರಿಯಲ್ಲಿ ಜನ ಕಡಿಮೆ, ಆಗ ಬಂದಳು. ಕೈಯಲ್ಲೊಂದು ಬ್ರೆಡ್ಡಿನ ಪೊಟ್ಟಣ, ಇನ್ನೂ ಬೆಚ್ಚಗಿತ್ತು. ಅತ್ತೆ ಅದನ್ನು ಎದೆಗೊತ್ತಿಕೊಂಡು, "ಎಷ್ಟು ಒಳ್ಳೆ ಹುಡುಗಿ" ಎಂದರು, ಕಿವುಡರು ಮಾತಾಡುವಷ್ಟು ಗಟ್ಟಿಯಾಗಿ.

ಹಾಡಿಸಿದೆ. ಎರಡನೆಯ ಚರಣದ ಮೂರು ಸಾಲು ಹಾಡಿ ನಿಲ್ಲಿಸಿದಳು. ನಾನು ಸ್ಲೇಟಿನಲ್ಲಿ ನಾಲ್ಕನೆಯದನ್ನು ದುಂಡಗೆ ಬರೆದು ತೋರಿಸಿದೆ: 'ಇನ್ನೊಬ್ಬರು ಬರಬೇಕು, ಸ್ವಲ್ಪ ನಿಲ್ಲಿಸಿ.'

ಬಹಳ ಹೊತ್ತು ನೋಡಿದಳು. "ಇಲ್ಲಿ ಈ ಸಾಲಾ ಅಕ್ಕ?"

ತಲೆಯಾಡಿಸಿದೆ.

"ಚೆನ್ನಾಗಿದೆ" ಎಂದಳು. ರಾಗ? ಬರೆದು ತೋರಿಸುವುದು ಹೇಗೆ? ಮೇಜಿನ ಮೇಲೆ ಬೆರಳಿನಿಂದ ಏರಿಸಿ ಇಳಿಸಿ ತೋರಿಸಿದೆ. ಎರಡನೆಯ ಸಲಕ್ಕೇ ಹಿಡಿದಳು. ಮೈಯೆಲ್ಲ ಉರಿದುಹೋಯಿತು.

ಫೆಬ್ರವರಿ 20, ಗುರುವಾರ

ಸಾಲಿನ ಕೊನೆ ನುಂಗುವುದನ್ನು ನೋಡಿಕೊಂಡು ಸುಮ್ಮನಿರಲು ಆಗುವುದಿಲ್ಲ. ಅವಳ ಹೊಟ್ಟೆಯ ಮೇಲೆ ಕೈಯಿಟ್ಟು, ಉಸಿರು ಇಲ್ಲಿಂದ ಬರಬೇಕು ಎಂದು ತೋರಿಸಿದೆ. ಅರ್ಥವಾಗಲಿಲ್ಲ. ಸ್ಲೇಟಿನಲ್ಲಿ ಬರೆದೆ: 'ಬೇಕರಿಯಲ್ಲಿ ಗಿರಾಕಿಗಳನ್ನು ಹೇಗೆ ಕರೆಯುತ್ತೀ?'

"ಮುಂದಿನವ್ರು!" ಎಂದು ಕೂಗಿದಳು. ಬಾಗಿಲ ಹೊರಗಿನ ಬೆಕ್ಕು ಓಡಿಹೋಯಿತು.

'ಅದೇ ಉಸಿರು' ಎಂದು ಬರೆದೆ. ಆಮೇಲೆ ಹಾಡಿದಳು ನೋಡು, ಕೊನೆಯ ಅಕ್ಷರ ಬಾಗಿಲವರೆಗೆ ಹೋಗಿ ನಿಂತಿತು. ಉಸಿರು ಸಾಲದಿದ್ದರೆ ಎಡಗೈ ಎತ್ತು, ಇವರು ಡ್ರಮ್ಮು ತಡೆದು ಕಾಯುತ್ತಾರೆ ಎಂದೂ ಹೇಳಿಕೊಟ್ಟೆ. ಅದು ನಮ್ಮಿಬ್ಬರ ಹಳೆಯ ಸನ್ನೆ. ಯಾಕೆ ಕೊಟ್ಟೆನೋ. ಹಾಡು ಕೆಟ್ಟರೆ ಇವರ ಹೆಸರೂ ಕೆಡುತ್ತದಲ್ಲ, ಅದಕ್ಕೇ ಇರಬೇಕು.

ಫೆಬ್ರವರಿ 22, ಶನಿವಾರ

ಡಾಕ್ಟರು ಗಂಟಲೊಳಗೆ ಕನ್ನಡಿ ಬಿಟ್ಟು ನೋಡಿದರು. ಕುಗ್ಗಿದೆ, ಕರಗಿಲ್ಲ. ಮಾರ್ಚ್ ಮೂರಕ್ಕೆ ಮತ್ತೆ ಬರಬೇಕು. ಅಲ್ಲಿಯವರೆಗೆ ಒಂದಕ್ಷರವೂ ಕೂಡದು. ಕಾರ್ಯಕ್ರಮ ಒಂದಕ್ಕೆ. ಎರಡು ದಿನದಲ್ಲಿ ಏನು ಮುಳುಗಿಹೋಗುತ್ತಿತ್ತು ಈ ಗಂಟಿಗೆ!

ಫೆಬ್ರವರಿ 25, ಮಂಗಳವಾರ

ನಿಲ್ದಾಣಕ್ಕೆ ಹೋಗಿ ಬಂದೆ. ನನ್ನ ಬದಲು ಕಂಟ್ರೋಲರು ಬಸ್ಸು ಕೂಗುತ್ತಿದ್ದಾರೆ. ಮೂಗಿನಲ್ಲಿ ಶುರುಮಾಡಿ ಮೂಗಿನಲ್ಲೇ ಮುಗಿಸುತ್ತಾರೆ. ಒಂದು ಕುಟುಂಬ ಮೂಟೆ ಗಂಟು ಸಮೇತ ತಪ್ಪು ಬಸ್ಸು ಹತ್ತಿ ಕೂತಿತ್ತು. ಇಳಿಯುತ್ತ ಅಜ್ಜಿಯೊಬ್ಬರು, "ಆ ಹೆಣ್ಣುಮಗಳು ಕೂಗ್ತಿದ್ಲಲ್ಲ, ಅವಳೆಲ್ಲಿ?" ಎಂದು ಪಕ್ಕದವರನ್ನು ಕೇಳಿದರು. ನಾನು ಅಲ್ಲೇ ನಿಂತಿದ್ದೆ. ಮುಖ ಯಾರಿಗೆ ಗೊತ್ತು? ಧ್ವನಿ ಇಲ್ಲದಿದ್ದರೆ ನಾನು ಪ್ಲಾಟ್‌ಫಾರ್ಮಿನ ಮೇಲೆ ನಿಂತ ಇನ್ನೊಬ್ಬ ಹೆಂಗಸು, ಅಷ್ಟೆ.

ಕಂಟ್ರೋಲರು ನನ್ನನ್ನು ಕಂಡು ಎದ್ದು ನಿಂತರು. "ಬೇಗ ಬನ್ನಿ ಮೇಡಂ, ನನ್ನ ಮರ್ಯಾದೆ ಉಳಿಸಿ." ಅಷ್ಟರಲ್ಲಿ ಇನ್ನೇನೋ ನೆನಪಾಗಿ, "ಶನಿವಾರ ಆ ಹುಡುಗಿ ಹಾಡ್ತಾಳಂತಲ್ಲ, ನಮ್ಮ ಮನೆಯವ್ರೆಲ್ಲ ಬರ್ತಿದೀವಿ" ಎಂದರು.

ಮಧ್ಯಾಹ್ನ ಹುಡುಗಿ ಬರುವುದು ತಡವಾಯಿತು. ಬಾಗಿಲಿಗೆ ಎರಡು ಸಲ ಹೋಗಿ ನೋಡಿದೆ. ಪಾಠ ತಪ್ಪಿಸಿದರೆ ಕಲಿತದ್ದು ಮರೆಯುತ್ತಾಳೆ, ಅದಕ್ಕೆ.

ಫೆಬ್ರವರಿ 27, ಗುರುವಾರ

ಕೊನೆಯ ಅಭ್ಯಾಸ. ಶೆಡ್ಡಿನ ಮೂಲೆಯಲ್ಲಿ ಬಕೆಟ್ಟು ಬೋರಲು ಹಾಕಿ ಕೂತಿದ್ದೆ. ಎರಡನೆಯ ಚರಣ ಬಂತು. "ಸೀಟಿ ಊದದಿರಿ" ಎಂದಾದ ಮೇಲೆ ಇವರು ನಿಲ್ಲಿಸಿದರು. ಹುಡುಗಿ ಅಲ್ಲಿ ಸಾಲು ಹಾಡಿಬಿಟ್ಟಿದ್ದರೆ ನನ್ನ ಕತೆ ಅಲ್ಲೇ ಮುಗಿಯುತ್ತಿತ್ತು. ಹಾಡಲಿಲ್ಲ. ಬಾಯಿ ಮುಚ್ಚಿಕೊಂಡು ನಿಂತಳು. ಅಭ್ಯಾಸದಲ್ಲಿ ಖಾಲಿ ಬಿಡುತ್ತಾರೆ ಎಂದು ಯಾರೋ ಹೇಳಿರಬೇಕು. ಖಾಲಿ ಯಾಕೆ ಬಿಡುತ್ತಾರೆ ಎಂದು ಹೇಳಿದ್ದಾರೋ ಇಲ್ಲವೋ.

ನನ್ನ ಕಡೆ ನೋಡಿ ನಕ್ಕಳು. ನಾನು ಬಕೆಟ್ಟು ಸರಿಮಾಡಿಕೊಂಡೆ.

ಫೆಬ್ರವರಿ 28, ಶುಕ್ರವಾರ

ಸಂಜೆ ಅವಳು ಬಂದು ಹೊಸ ಬಟ್ಟೆ ತೋರಿಸಿದಳು. ಟೈಲರಮ್ಮ ಇದಕ್ಕೂ ಕೈ ಬಿಗಿಯಾಗಿಯೇ ಇಟ್ಟಿದ್ದಾಳೆ. ತೋಳು ಎತ್ತಿದರೆ ಹರಿಯುತ್ತದೆ ಎಂದು ನಾನೇ ಕಂಕುಳ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟೆ. ಸೂಜಿ ಕೈಯಲ್ಲಿದ್ದಾಗ ಹೇಳಿಬಿಡೋಣ ಎನ್ನಿಸಿತು. ಸ್ಲೇಟು ಎತ್ತಿಕೊಂಡೆ. 'ಆ ಸಾಲು' ಎಂದು ಬರೆದೆ. ಅಷ್ಟರಲ್ಲಿ ಇವರು ಒಳಗೆ ಬಂದು, "ನಾಳೆ ನೀನು ಜಮಾಯಿಸಿಬಿಡ್ತೀಯ ಬಿಡು ಮರಿ" ಎಂದರು ಅವಳಿಗೆ.

ಮರಿ! ಮದುವೆಯಾದ ಹೊಸದರಲ್ಲಿ ನನ್ನನ್ನು ಕರೆಯುತ್ತಿದ್ದ ಹೆಸರು.

ಸ್ಲೇಟು ಒರೆಸಿಬಿಟ್ಟೆ.

ಮಾರ್ಚ್ 1, ಶನಿವಾರ

ಹೊರಡಬೇಕು. ಹೊಟ್ಟೆನೋವು ಎಂದು ಮಲಗಿಬಿಡಲೇ? ಅತ್ತೆ ಆಗಲೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ.

ಮಾರ್ಚ್ 2, ಭಾನುವಾರ

ನಿಧಾನವಾಗಿ ಬರೆಯುತ್ತೇನೆ.

ಇಷ್ಟು ಜನ ಯಾವ ವರ್ಷವೂ ಬಂದಿರಲಿಲ್ಲ. ಅವಳಿಗಾಗಿ ಬಂದರು ಎಂದುಕೊಂಡು ನಿನ್ನೆಯೇ ಅರ್ಧ ಸತ್ತಿದ್ದೆ. ಎರಡೂ ಬದಿಯ ಬಸ್ಸುಗಳ ಒಳಗೂ ಜನ, ಒಂದೊಂದು ಕಿಟಕಿಯಲ್ಲಿ ಎರಡೆರಡು ತಲೆ. ಕ್ಷೌರದಂಗಡಿಯವನು ಅತ್ತೆಗಾಗಿ ತಿರುಗುವ ಕುರ್ಚಿಯನ್ನೇ ತಂದು ಹಿಂದಿನ ಸಾಲಿನಲ್ಲಿ ಹಾಕಿದ್ದ. ಅದರ ಪಕ್ಕದಲ್ಲಿ ನಾನು ನಿಂತೆ. ಯಾರೋ ಮುಂದೆ ಜಾಗ ಕೊಡಲು ಬಂದರು, ಕೈಸನ್ನೆಯಲ್ಲೇ ಬೇಡವೆಂದೆ. ಅವಳು ಎಡವುವುದನ್ನು ಹತ್ತಿರದಿಂದ ನೋಡುವಷ್ಟು ಧೈರ್ಯ ಇರಲಿಲ್ಲ.

ಮೊದಲ ಹಾಡುಗಳೆಲ್ಲ ಚೆನ್ನಾಗಿ ಹೋದವು. ಜನ ಚಪ್ಪಾಳೆ ತಟ್ಟಿದರು, ನನಗೆ ತಟ್ಟುವಷ್ಟಲ್ಲ ಎಂದು ಬರೆಯಬೇಕೆಂದಿದ್ದೆ, ಆದರೆ ಅಷ್ಟೇ ತಟ್ಟಿದರು. ಒಂದು ಕಡೆ ಉಸಿರು ತಪ್ಪಿ ಸಾಲಿನ ಕೊನೆ ನುಂಗಲು ಹೋಗಿ, ತಡೆದು, ಪೂರ್ತಿ ಹೇಳಿದಳು. ನನ್ನ ಕೈ ನನ್ನದೇ ಹೊಟ್ಟೆಯ ಮೇಲಿತ್ತು.

ಆಮೇಲೆ 'ಕಿಟಕಿ ಸೀಟು'. ಎರಡನೆಯ ಚರಣ. ಕರ್ಚೀಫು, ಆಳು ಇದೆ, ಸೀಟಿ ಊದದಿರಿ. ಡ್ರಮ್ಮು ನಿಂತಿತು. ಅವಳು ಬಾಯಿ ತೆಗೆಯುತ್ತಾಳೆ ಎಂದು ನಾನು ಕಣ್ಣು ಮುಚ್ಚಿದೆ.

ತೆಗೆಯಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ಮೈಕನ್ನು ಜನರ ಕಡೆಗೆ ಚಾಚಿದಳು. ಶೆಡ್ಡಿನ ತಗಡೆಲ್ಲ ನಡುಗುವಂತೆ ಊರು ಕೂಗಿತು: "ಪ್ರಯಾಣಿಕರ ಗಮನಕ್ಕೆ!"

ಅವಳಿಗೆ ಗೊತ್ತಿತ್ತು. ಎಲ್ಲ ಗೊತ್ತಿತ್ತು.

ಈಗ ಡ್ರಮ್ಮು ಶುರುವಾಗಬೇಕು. ಇವರು ಕೋಲು ಎತ್ತಿದ್ದರು. ಹುಡುಗಿ ಎಡಗೈ ಎತ್ತಿದಳು. ನಮ್ಮ ಹಳೆಯ ಸನ್ನೆ. ಇವರು ಕೋಲನ್ನು ಹಾಗೇ ಹಿಡಿದು ಕಾದರು. ನಗು, ಶಿಳ್ಳೆ ಎಲ್ಲ ಇಳಿದು ಸದ್ದೇ ಇಲ್ಲದಾಯಿತು. ಆಗ, ಯಾವ ವಾದ್ಯವೂ ಇಲ್ಲದೆ, ಹಿಂದಿನ ಸಾಲಿನ ಕಡೆ ನೋಡುತ್ತ ಹಾಡಿದಳು:

ಇನ್ನೊಬ್ಬರು ಬರಬೇಕು, ಸ್ವಲ್ಪ ನಿಲ್ಲಿಸಿ.

ಇಷ್ಟು ವರ್ಷ ಊರು ಗಮನಕ್ಕೆ, ಗಮನಕ್ಕೆ ಎಂದು ಕೂಗಿತ್ತು. ಏನು ಗಮನಿಸಬೇಕು ಎಂದು ಯಾರೂ ಮುಂದೆ ಹೇಳಿರಲಿಲ್ಲ. ಈಗ ಆ ಎರಡು ಸಾಲು ಒಂದಕ್ಕೊಂದು ಹುಟ್ಟಿದಾಗಿನಿಂದ ಜೊತೆಗಿದ್ದಂತೆ ಕೂತವು. ಜನ ಒಬ್ಬೊಬ್ಬರಾಗಿ ತಿರುಗಿ ನನ್ನನ್ನು ನೋಡತೊಡಗಿದರು. ಬಸ್ಸಿನ ಕಿಟಕಿಗಳಿಂದಲೂ ನೋಡಿದರು. ಎಲ್ಲಿ ಅಡಗಿಕೊಳ್ಳಲಿ? ಅತ್ತೆಯ ಕುರ್ಚಿ ತಿರುಗುವ ಕುರ್ಚಿ, ಅವರೂ ತಿರುಗಿ ನೋಡುತ್ತಿದ್ದರು. ಮೇಷ್ಟ್ರು ಕೀಬೋರ್ಡಿನ ಮೇಲೆ ತಲೆ ಬಗ್ಗಿಸಿಕೊಂಡು ಕನ್ನಡಕ ಒರೆಸುತ್ತಿದ್ದರು, ಒರೆಸುತ್ತಲೇ ಇದ್ದರು.

ಜನ ಬಿಡಲಿಲ್ಲ. ಚರಣವನ್ನು ಮತ್ತೆ ಹಾಡಿಸಿದರು. ಮತ್ತೆ ಆ ಜಾಗ ಬಂತು, ಮತ್ತೆ ಊರು ಕೂಗಿತು.

ಮನೆಗೆ ಬರುವಾಗ ಅತ್ತೆ ನನ್ನ ತೋಳು ಹಿಡಿದುಕೊಂಡು, "ಎರಡ್ನೇ ಸಲ ನೀನೂ ಕೂಗಿದ್ಯಲ್ಲೇ!" ಎಂದರು. ಇಲ್ಲವೆಂದು ತಲೆಯಾಡಿಸಿದೆ. "ನಿನ್ನ ಬೆನ್ನ ಮೇಲೆ ಕೈ ಇಟ್ಟಿದ್ದೆ. ಗುಮ್ ಅಂತು" ಎಂದರು. ಅತ್ತೆಗೆ ಏನು ಗೊತ್ತು, ಅವರಿಗೆ ಕಿವಿ ಕೇಳಿಸುವುದಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಹುಡುಗಿ ಜನರ ನಡುವೆ ನುಗ್ಗಿಕೊಂಡು ನನ್ನ ಹತ್ತಿರ ಬಂದಳು. ಹಣೆಯೆಲ್ಲ ಬೆವರು, ಬಟ್ಟೆಯ ತೋಳು ಹರಿದಿರಲಿಲ್ಲ. ನಾನು ಸ್ಲೇಟಿನಲ್ಲಿ ಬರೆದೆ: 'ಯಾರು ಹೇಳಿದ್ದು?'

"ಯಾರು ಹೇಳ್ಲಿಲ್ಲ ಕೇಳಿ ಅಕ್ಕ! ಬ್ರೆಡ್ಡಿಗೆ ಬಂದವ್ರೆಲ್ಲ ಅದೇ. ಅಲ್ಲಿ ನಿಲ್ಸು, ನಾವು ಕೂಗ್ತೀವಿ, ನಿಲ್ಸೋದು ಮರೀಬೇಡ ಅಂತ. ಒಬ್ರಂತೂ ಕೌಂಟರಲ್ಲೇ ಕೂಗಿ ತೋರಿಸಿದ್ರು."

ಇಡೀ ಊರು ಬ್ರೆಡ್ಡು ತಿನ್ನುತ್ತದೆ ಎಂಬುದನ್ನು ನಾನು ಮರೆತಿದ್ದೆ.

"ಆದ್ರೆ ಅಲ್ಲೊಂದು ಸಾಲು ಇದೆ ಅಂತ ಯಾರಿಗೂ ಗೊತ್ತಿರ್ಲಿಲ್ಲ" ಎಂದಳು. "ನೀವೊಬ್ರೇ ಕೊಟ್ಟಿದ್ದು. ಯಾರಿಗೂ ಕೊಡ್ದೇ ಇರೋದನ್ನ ನನಗೆ ಕೊಟ್ಟಿದೀರಲ್ಲ, ಸುಮ್ನೆ ಬಿಡಕ್ಕಾಗುತ್ತಾ?"

ಅವಳ ಮುಖವನ್ನೇ ನೋಡಿದೆ. ನಾನು ಯಾಕೆ ಕೊಟ್ಟೆನೆಂದು ಅವಳಿಗೆ ಗೊತ್ತೋ, ಗೊತ್ತಿಲ್ಲವೋ? ತಿಳಿಯಲಿಲ್ಲ. ಇವತ್ತೂ ತಿಳಿಯುತ್ತಿಲ್ಲ. ಕೇಳಲು ಬಾಯಿಲ್ಲ, ಬರೆದು ಕೇಳಲು ಮುಖವಿಲ್ಲ.

ಮೇಷ್ಟ್ರು ಬಂದು ಅವಳ ತಲೆ ಸವರಿದರು. "ಇಷ್ಟು ವರ್ಷ ಆದ್ಮೇಲೆ ನನ್ನ ಸಾಲಿಗೆ ಬಸ್ಸು ಸಿಕ್ತು" ಎಂದರು. ನನ್ನನ್ನು ನೋಡಿ ಏನೂ ಅನ್ನಲಿಲ್ಲ. ಇಷ್ಟು ವರ್ಷವೂ ಅವರು ಏನೂ ಅಂದಿರಲಿಲ್ಲ, ಅದು ಈಗ ನೆನಪಾಯಿತು.

ಈಗಲೂ ಹೊಟ್ಟೆ ಉರಿಯುತ್ತಿದೆ, ಸುಳ್ಳು ಹೇಳಲಾರೆ. ನನ್ನ ತಪ್ಪಿಗೆ ನಕ್ಕ ಊರು ಅವಳ ಸಾಲಿಗೆ ಕಣ್ಣೊರೆಸಿಕೊಂಡಿತು. ಒಂದೇ ಮಾತು, 'ಸ್ವಲ್ಪ' ಎಂಬಲ್ಲಿ ಅವಸರ ಮಾಡಿದಳು. ಒಂದಿಷ್ಟು ಎಳೆಯಬೇಕಿತ್ತು. ಹೇಳಬೇಕು.

ಮಾರ್ಚ್ 3, ಸೋಮವಾರ

ಡಾಕ್ಟರು ಬಹಳ ಹೊತ್ತು ನೋಡಿದರು. "ಮಧ್ಯೆ ಏನಾದ್ರೂ ಕೂಗಾಡಿದ್ರಾ?"

ಸ್ಲೇಟಿನಲ್ಲಿ 'ಇಲ್ಲ' ಎಂದು ಬರೆದೆ. ಇವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಗಂಟು ಹೆಚ್ಚುಕಡಿಮೆ ಹೋಗಿದೆ, ಕತ್ತರಿಸುವುದು ಬೇಡ. ಮೆಲ್ಲಗೆ "ಆ" ಎನ್ನಿ ಎಂದರು. ಎಂದೆ. ಯಾರದೋ ದಪ್ಪ ಧ್ವನಿ ಬಂತು. ಹಿಂದಿರುಗಿ ನೋಡಿದೆ, ಯಾರೂ ಇರಲಿಲ್ಲ. ಇನ್ನು ಮೆಲ್ಲಗೆ ಮಾತಾಡಬಹುದು, ಎರಡು ವಾರದಲ್ಲಿ ಕೆಲಸಕ್ಕೆ ಹೋಗಬಹುದು, ಹಾಡಲು ಇನ್ನೂ ಕೆಲವು ತಿಂಗಳು. ಮೇಲಿನ ಸ್ವರದ ಬಗ್ಗೆ ಸ್ಲೇಟಿನಲ್ಲೇ ಬರೆದು ಕೇಳಿದೆ. "ಅದರ ಆಸೆ ಇಟ್ಕೋಬೇಡಿ" ಎಂದರು.

ದಾರಿಯಲ್ಲಿ ಇವರು ಕೈ ಹಿಡಿದುಕೊಂಡರು. "ಮೇಷ್ಟ್ರು ಕೆಳಗಿನ ಶ್ರುತೀಲಿ ಹೊಸ ಹಾಡು ಬರೀತೀನಿ ಅಂತಿದಾರೆ. ಎರಡು ಮೈಕು ಇಟ್ರಾಯ್ತು."

ಬಹಳ ದೂರ ಅತ್ತುಕೊಂಡು ನಡೆದೆ. ಆಮೇಲೆ, ಹೊಸ ಧ್ವನಿಯಲ್ಲಿ ಹೇಳಿದ ಮೊದಲ ಪೂರ್ತಿ ವಾಕ್ಯ ಇದು: "ಎಣ್ಣೆ ಕಲೆ ಇರೋ ಜಾಗ ನಂದು. ಅವಳ ಮೈಕು ಪಕ್ಕಕ್ಕೆ."

"ಆಯ್ತು ಮರಿ" ಎಂದರು.

ಮಾರ್ಚ್ 17, ಸೋಮವಾರ

ಇವತ್ತು ಕೆಲಸಕ್ಕೆ ಹೋದೆ. ಕಂಟ್ರೋಲರು ನನ್ನ ಕುರ್ಚಿ ಒರೆಸಿ ಇಟ್ಟಿದ್ದರು. ಗಾಜಿನಾಚೆ ಬೆಳಗಿನ ಜನ, ಶಾಲೆಗೆ ಹೋಗುವವರು, ಆಸ್ಪತ್ರೆಯ ಕಡೆ ಹೋಗುವವರು, ಬೇಕರಿಯ ಪೊಟ್ಟಣ ಹಿಡಿದವರು. ನಮ್ಮ ಹುಡುಗಿಯೂ ಬಂದು ಕಂಬದ ಹತ್ತಿರ ನಿಂತಿದ್ದಳು, ಕೆಲಸಕ್ಕೆ ತಡವಾಗುವುದಿಲ್ಲವೇ ಇವಳಿಗೆ?

ಹಳೆಯ ಧ್ವನಿ ನಿರೀಕ್ಷಿಸುವವರಿಗೆ ಈ ದಪ್ಪ ಧ್ವನಿ ಯಾರದೆಂದು ಹೇಗೆ ಗೊತ್ತಾಗಬೇಕು? ಗುಂಡಿ ಒತ್ತಿ ಹೇಳಿದೆ.

"ಪ್ರಯಾಣಿಕರ ಗಮನಕ್ಕೆ."

ಪ್ಲಾಟ್‌ಫಾರ್ಮು ತಲೆ ಎತ್ತಿ ನೋಡಿತು. ಆಮೇಲೆ ಎಲ್ಲೋ ಒಬ್ಬರು ಶುರುಮಾಡಿದರು, ಅದು ಅವಳೇ ಇರಬೇಕು. ಚಿಲ್ಲರೆ ಅಂಗಡಿಯವನು ಸೇರಿದ, ಮಕ್ಕಳು ಸೇರಿದರು, ಸೀಟಿ ಬಾಯಲ್ಲಿಟ್ಟಿದ್ದ ಕಂಡಕ್ಟರು ಅದನ್ನು ತೆಗೆದು ತಾನೂ ಸೇರಿದ. ಇಡೀ ನಿಲ್ದಾಣ ನನ್ನ ಗಾಜಿನ ಕಡೆ ಮುಖಮಾಡಿ ಹಾಡಿತು:

"ಇನ್ನೊಬ್ಬರು ಬರಬೇಕು, ಸ್ವಲ್ಪ ನಿಲ್ಲಿಸಿ!"

'ಸ್ವಲ್ಪ' ಎಂಬಲ್ಲಿ ಸರಿಯಾಗಿ ಎಳೆದರು. ಅದನ್ನು ಅವಳಿಗೆ ಹೇಳಿಕೊಟ್ಟವಳು ನಾನು, ಹೋದ ವಾರ.

ಅವರು ಮುಗಿಸುವವರೆಗೆ ಕಾದೆ. ಅಷ್ಟರಲ್ಲಿ ಗೇಟಿನ ಕಡೆಯಿಂದ ಒಬ್ಬ ಹೆಂಗಸು ಎರಡು ಕೈಯಲ್ಲೂ ಚೀಲ ಹಿಡಿದು ಓಡೋಡಿ ಬಂದು ಬಸ್ಸು ಹತ್ತಿದಳು. ಕಿಟಕಿ ಪಕ್ಕದಲ್ಲಿ ಕೂತಿದ್ದವರೊಬ್ಬರು ಪಕ್ಕದ ಸೀಟಿನಿಂದ ಕರ್ಚೀಫು ತೆಗೆದರು. ಆಮೇಲೆ ನಾನು ಬಸ್ಸಿನ ಹೆಸರು ಹೇಳಿದೆ.